ರಾಣಿ ಯಾರ ಕೈಲಿದ್ದಾಳೆ?

ಕೊಡಗಿನಲ್ಲಿ ಮುಂಗಾರು ಒಮ್ಮೆ ಹಿಡಿಯಿತೆಂದರೆ ತೋಟದ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಕರೆಂಟು ತನಗಿಷ್ಟ ಬಂದಾಗ ಬಂದು ಹೋಗುತ್ತದೆ, ಎದುರು ಸಿಕ್ಕವರೆಲ್ಲ ನಿನ್ನೆ ನಿಮ್ಮಲ್ಲಿ ಎಷ್ಟು ಇಂಚು ಎಷ್ಟು ಸೆಂಟು ಎಂದೇ ಮಾತು ಶುರು ಮಾಡುತ್ತಾರೆ. ಟೆನಿಸ್, ಗಾಲ್ಫುಗಳಿಗೆಲ್ಲ ಸೆಪ್ಟೆಂಬರಿನವರೆಗೆ ರಜೆ. ಇಸ್ಪೀಟಿಗೆ ಇದೇ ಸುಗ್ಗಿ. ರಮ್ಮಿ ಎಲ್ಲರಿಗೂ ಗೊತ್ತು, ಇಪ್ಪತ್ತೆಂಟು ಬಹಳ ಮಂದಿಗೆ ಗೊತ್ತು. ಆದರೆ ಕ್ಲಬ್ಬಿನ ಹಾಲಿನ ಒಂದು ಮೂಲೆಯಲ್ಲಿ ನಾಲ್ಕು ಜನ ಮಾತಿಲ್ಲದೆ ಕೂತ ಮೇಜೊಂದಿರುತ್ತದೆ. ಒಬ್ಬರ ಎಲೆಗಳೆಲ್ಲ ಮುಖ ಮೇಲಾಗಿ ಹರಡಿರುತ್ತವೆ, ಇನ್ನೊಬ್ಬರು ಅವನ್ನೇ ದಿಟ್ಟಿಸಿಕೊಂಡು ಕೂತಿರುತ್ತಾರೆ, ಎರಡು ನಿಮಿಷವಾದರೂ ಏನೂ ನಡೆಯುವುದಿಲ್ಲ. ಹೊಸಬರು ಬಂದು ನೋಡಿ ಬೇಸತ್ತು ಎದ್ದುಹೋಗುತ್ತಾರೆ. ಈ ಬರಹ ಹಾಗೆ ಎದ್ದುಹೋಗುವವರಿಗಾಗಿ. ಬ್ರಿಡ್ಜ್ ಆಡಲು ಕಲಿಸುವ ಹಟ ಇದಕ್ಕಿಲ್ಲ. ಆಡುವವರ ಬೆನ್ನ ಹಿಂದೆ ಕುರ್ಚಿ ಎಳೆದುಕೊಂಡು ಕೂತಾಗ ಏನನ್ನು ನೋಡಬೇಕು, ಎಲ್ಲಿ ತಲೆದೂಗಬೇಕು, ಎಲ್ಲಿ ತೆಪ್ಪಗಿರಬೇಕು ಎಂಬಷ್ಟೇ ಇಲ್ಲಿರುವುದು.

ಮೊದಲಿಗೆ ಹಿನ್ನೆಲೆ ಸ್ವಲ್ಪ. ಫೌಲರ್ ಎಂಬ ಇಂಗ್ಲಿಷಿನವನು 1854ರಲ್ಲಿ ಮಡಿಕೇರಿಯ ಬಳಿ ಕಾಫಿ ತೋಟ ಎಬ್ಬಿಸಿದಾಗ ಬ್ರಿಡ್ಜ್ ಇನ್ನೂ ಹುಟ್ಟಿರಲಿಲ್ಲ. ಆಗ ಅವರ ನಾಡಿನಲ್ಲಿ ಮೆರೆಯುತ್ತಿದ್ದದ್ದು ಅದರ ಅಜ್ಜ ವಿಸ್ಟ್. ಈಗ ಜಗತ್ತೆಲ್ಲ ಆಡುವ ಕಾಂಟ್ರ್ಯಾಕ್ಟ್ ಬ್ರಿಡ್ಜಿನ ಅಂಕಪದ್ಧತಿಯನ್ನು ಅಮೆರಿಕದ ಹೆರಾಲ್ಡ್ ವಾಂಡರ್‌ಬಿಲ್ಟ್ ರೂಪಿಸಿದ್ದು 1925ರಲ್ಲಿ, ಪನಾಮಾ ಕಾಲುವೆ ದಾಟುತ್ತಿದ್ದ ಹಡಗಿನ ಮೇಲೆ. ಸುಂಟಿಕೊಪ್ಪದ ನಾರ್ತ್ ಕೂರ್ಗ್ ಕ್ಲಬ್, ಪಾಲಿಬೆಟ್ಟದ ಬ್ಯಾಂಬೂ ಕ್ಲಬ್ಬಿನಂಥ ತೋಟಗಾರರ ಕೂಟಗಳ ಜಗತ್ತಿಗೆ ಹೊಂದಿಕೊಂಡ ಆಟ ಅದು: ನಾಲ್ಕು ಜನ, ಒಂದು ಕಟ್ಟು ಎಲೆ, ಉದ್ದನೆಯ ಸಂಜೆ. ಇಸ್ಪೀಟು ಎಂದೊಡನೆ ಜೂಜು, ಪೊಲೀಸು ಎನ್ನುವವರಿಗೆ ಒಂದು ಮಾತು. ರಮ್ಮಿ ಮುಖ್ಯವಾಗಿ ಚಾತುರ್ಯದ ಆಟ ಎಂದು ಸುಪ್ರೀಂ ಕೋರ್ಟು 1967ರಲ್ಲಿ ಹೇಳಿದಾಗ ಹೋಲಿಕೆಗೆ ಎತ್ತಿಕೊಂಡದ್ದೇ ಬ್ರಿಡ್ಜನ್ನು. ರಮ್ಮಿಯಲ್ಲಿರುವ ಅದೃಷ್ಟ ಬ್ರಿಡ್ಜಿನಲ್ಲಿ ಎಲೆ ಹಂಚುವಾಗ ಇರುವಷ್ಟೇ ಎಂಬುದು ಆ ತೀರ್ಪಿನ ಧಾಟಿ.

ಇನ್ನು ಮೇಜಿಗೆ ಬರೋಣ. ಎದುರುಬದುರು ಕೂತವರು ಜೋಡಿ. ಉತ್ತರ–ದಕ್ಷಿಣ ಒಂದು, ಪೂರ್ವ–ಪಶ್ಚಿಮ ಇನ್ನೊಂದು. ಒಬ್ಬೊಬ್ಬರಿಗೆ 13 ಎಲೆ. ಮೊದಲು ಹರಾಜು ನಡೆದು, ಯಾವ ಜಾತಿ ತುರುಪು, ಎಷ್ಟು ಟ್ರಿಕ್ (ನಾಲ್ವರೂ ಒಂದೊಂದು ಎಲೆ ಹಾಕುವ ಸುತ್ತು) ಗೆಲ್ಲುತ್ತೇವೆ ಎಂಬ ಮಾತು ಕೊಟ್ಟಾಗುತ್ತದೆ. ಹರಾಜು ಗೆದ್ದ ಡಿಕ್ಲೇರರ್ ದಕ್ಷಿಣ ಎಂದಿಟ್ಟುಕೊಳ್ಳಿ. ಎದುರಿನ ಉತ್ತರ ತನ್ನೆಲ್ಲ ಎಲೆಗಳನ್ನು ಮೇಜಿನ ಮೇಲೆ ಹರಡಿ ಡಮ್ಮಿಯಾಗಿ ಕೂತುಬಿಡುತ್ತಾನೆ. ಅಂದರೆ ದಕ್ಷಿಣನಿಗೆ 26 ಎಲೆ ಕಾಣುತ್ತವೆ, 26 ಕಾಣುವುದಿಲ್ಲ. ಎಕ್ಕ ದೊಡ್ಡದು, ಆಮೇಲೆ ರಾಜ, ರಾಣಿ, ಗುಲಾಮ, 10, ಹೀಗೆ ಇಳಿಯುತ್ತದೆ. ಇಪ್ಪತ್ತೆಂಟು ಆಡಿ ಬಂದವರು ಗುಲಾಮನೇ ಎಲ್ಲರಿಗಿಂತ ಮೇಲು ಎಂಬ ಅಭ್ಯಾಸವನ್ನು ಹೊರಗೆ ಚಪ್ಪಲಿಯ ಜೊತೆ ಬಿಟ್ಟು ಬರಬೇಕು.

ಒಂದೇ ಜಾತಿಯಲ್ಲಿ ದಕ್ಷಿಣನ ಕೈಲಿರುವುದೆಷ್ಟು, ಡಮ್ಮಿಯಲ್ಲಿರುವುದೆಷ್ಟು, ಇವೆರಡನ್ನು ಒಟ್ಟಿಗೆ ಇಟ್ಟು ನೋಡುವುದಕ್ಕೆ ಸೂಟ್ ಕಾಂಬಿನೇಶನ್ ಎನ್ನುತ್ತಾರೆ. ನಾವು ಜೋಡಣೆ ಎನ್ನೋಣ. ಆ ಎರಡು ನಿಮಿಷದ ಮೌನದಲ್ಲಿ ಡಿಕ್ಲೇರರ್ ಮಾಡುತ್ತಿರುವುದು ಇದನ್ನೇ: ನಾಲ್ಕು ಜೋಡಣೆಗಳನ್ನು ಒಂದೊಂದಾಗಿ ತೂಗಿ, ಯಾವುದರಿಂದ ಎಷ್ಟು ಟ್ರಿಕ್ ಹಿಂಡಬಹುದು, ಯಾವ ಎಲೆಯನ್ನು ಯಾವ ಕಡೆಯಿಂದ ಆಡಿದರೆ ಲಾಭ ಎಂದು ಲೆಕ್ಕ ಹಾಕುವುದು. ನನ್ನ ಮಟ್ಟಿಗೆ ಬ್ರಿಡ್ಜಿನ ಅಸಲು ಸೊಗಸು ಇಲ್ಲೇ ಇದೆ. ಹರಾಜಿನ ಬಗ್ಗೆ ಜನ ರಾತ್ರಿಯೆಲ್ಲ ಜಗಳವಾಡುತ್ತಾರೆ, ಆಡಲಿ.

ತೀರ ಸರಳವಾದದ್ದರಿಂದ ಶುರು ಮಾಡೋಣ. ಡಮ್ಮಿಯಲ್ಲಿ ಎಕ್ಕ, ರಾಣಿ. ದಕ್ಷಿಣನ ಕೈಲಿ ಎರಡು ಸಣ್ಣ ಎಲೆ. ರಾಜ ಹೊರಗಿದ್ದಾನೆ. ದಕ್ಷಿಣ ತನ್ನ ಕೈಯಿಂದ ಸಣ್ಣದೊಂದು ಆಡುತ್ತಾನೆ, ಪಶ್ಚಿಮದವನೂ ಸಣ್ಣದು ಹಾಕುತ್ತಾನೆ, ಡಮ್ಮಿಯಿಂದ ರಾಣಿ ಬೀಳುತ್ತಾಳೆ. ರಾಜ ಪಶ್ಚಿಮದವನ ಬಳಿ ಇದ್ದರೆ ರಾಣಿ ಗೆದ್ದಳು, ಪೂರ್ವದವನ ಬಳಿ ಇದ್ದರೆ ಸೋತಳು. ಇದು ಫಿನೆಸ್. ಅರ್ಧಕ್ಕರ್ಧ ಅವಕಾಶ. ಇದರಲ್ಲಿ ಮೆಚ್ಚಬೇಕಾದದ್ದು ಧೈರ್ಯವನ್ನಲ್ಲ, ದಿಕ್ಕನ್ನು. ದೊಡ್ಡ ಎಲೆಯ ಕಡೆಗೆ ಸಣ್ಣ ಎಲೆಯನ್ನು ಆಡಿ, ನಡುವೆ ಕೂತ ಎದುರಾಳಿ ಮೊದಲು ಬಾಯಿ ಬಿಡುವಂತೆ ಮಾಡುವುದು. ಜೋಡಣೆಗಳ ಮುಕ್ಕಾಲು ಪಾಲು ಈ ಒಂದು ತತ್ತ್ವದ ಮೇಲೆ ನಡೆಯುತ್ತದೆ.

ಹೊಸಬರು ಎಡವುವ ಜಾಗವೂ ಇದೇ. ಡಮ್ಮಿಯಲ್ಲಿ ರಾಣಿ–6–3, ಕೈಲಿ ಎಕ್ಕ–7–4. ಕಲಿಯುವವರೆಲ್ಲ ಡಮ್ಮಿಯಿಂದ ರಾಣಿಯನ್ನೇ ಹೊರಡಿಸುತ್ತಾರೆ. ನೋಡಲು ಅದು ಫಿನೆಸ್ಸಿನ ಹಾಗೇ ಕಾಣುತ್ತದೆ. ಆದರೆ ಪೂರ್ವದವನ ಬಳಿ ರಾಜನಿದ್ದರೆ ಅವನು ರಾಣಿಯ ಮೇಲೆ ರಾಜನನ್ನು ಹಾಕುತ್ತಾನೆ, ದಕ್ಷಿಣ ಎಕ್ಕದಿಂದ ಹಿಡಿಯುತ್ತಾನೆ, ಆಮೇಲೆ ಉಳಿದ ಗುಲಾಮ, 10 ಎರಡೂ ಎದುರಾಳಿಗಳವೇ. ರಾಜ ಪಶ್ಚಿಮದವನ ಬಳಿ ಇದ್ದರೆ ರಾಣಿ ನೇರವಾಗಿ ಸತ್ತಳು. ರಾಜ ಎಲ್ಲಿದ್ದರೂ ಎರಡನೇ ಟ್ರಿಕ್ ಇಲ್ಲ! ಬಲ್ಲವನು ಎಕ್ಕ ಆಡಿ ಮುಗಿಸಿ, ಕೈಯಿಂದ ಸಣ್ಣದನ್ನು ರಾಣಿಯ ಕಡೆಗೆ ಆಡುತ್ತಾನೆ. ಪಶ್ಚಿಮದವನ ಬಳಿ ರಾಜನಿದ್ದರೆ ರಾಣಿಗೊಂದು ಟ್ರಿಕ್ ಖಾತ್ರಿ. ಸೊನ್ನೆಯಿಂದ ಐವತ್ತಕ್ಕೆ ಏರಿದಂತಾಯಿತು, ಅದೂ ಎಲೆ ಬದಲಾಗದೆ. ರಾಣಿಯ ಬೆನ್ನಿಗೆ ಗುಲಾಮ, 10 ಇದ್ದರೆ ಮಾತ್ರ ಅವಳನ್ನು ಮುಂದೆ ಕಳಿಸಬಹುದು. ಆಗ ರಾಜನನ್ನು ಹಾಕಿದವನಿಗೆ ಏನೂ ಉಳಿಯುವುದಿಲ್ಲ. ಮೇಜಿನ ಬಳಿ ಕೂತ ಮೊದಲ ದಿನ ಇದೊಂದನ್ನು ಗುರುತಿಸಿದರೂ ಸಾಕು, ಆಡುವವರ ಮಟ್ಟ ತಿಳಿಯುತ್ತದೆ.

ಇನ್ನೊಂದು ಜೋಡಣೆ ನೋಡುವವರ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಡಮ್ಮಿಯಲ್ಲಿ ಎಕ್ಕ–ಗುಲಾಮ–10, ಕೈಲಿ ಮೂರು ಸಣ್ಣವು. ರಾಜ, ರಾಣಿ ಇಬ್ಬರೂ ಹೊರಗೆ. ದಕ್ಷಿಣ ಸಣ್ಣದು ಆಡಿ ಡಮ್ಮಿಯಿಂದ 10 ಹಾಕುತ್ತಾನೆ. ಪೂರ್ವದವನು ರಾಣಿಯಿಂದಲೋ ರಾಜನಿಂದಲೋ ಹಿಡಿಯುತ್ತಾನೆ. ಹಿಂದೆ ಕೂತವರು ‘ಛೆ’ ಎನ್ನುತ್ತಾರೆ. ಛೆ ಎನ್ನುವಂಥದ್ದೇನೂ ಆಗಿಲ್ಲ. ಮತ್ತೆ ಕೈಗೆ ಬಂದು, ಮತ್ತೆ ಸಣ್ಣದು ಆಡಿ, ಈ ಸಲ ಗುಲಾಮನನ್ನು ಹಾಕಿದರೆ ಕೆಲಸ ಆಗುತ್ತದೆ. ಎರಡು ಟ್ರಿಕ್ ಸಿಗದೆ ಹೋಗುವುದು ರಾಜ–ರಾಣಿ ಇಬ್ಬರೂ ಪೂರ್ವದವನ ಬಳಿ ಇದ್ದಾಗ ಮಾತ್ರ. ಅದು ನೂರಕ್ಕೆ 24 ಸಲ. ಉಳಿದ 76 ಸಲ ಲಾಭ. ಮೊದಲ ಸೋಲು ಈ ಜೋಡಣೆಯ ಯೋಜನೆಯೊಳಗೇ ಇದ್ದದ್ದು.

ಇಲ್ಲಿಂದ ಮುಂದೆ ಅಂಕಿಗಳಿಲ್ಲದೆ ದಾರಿಯಿಲ್ಲ. ಆದರೆ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದದ್ದು ಬೆರಳೆಣಿಕೆಯಷ್ಟು. ಎದುರಾಳಿಗಳ ಬಳಿ ಒಂದು ಜಾತಿಯ ಐದು ಎಲೆ ಇದ್ದರೆ ಅವು 3–2 ಆಗಿ ಹಂಚಿಹೋಗಿರುವುದು ನೂರಕ್ಕೆ 68 ಸಲ. ಆರಿದ್ದರೆ 3–3 ಆಗುವುದು ಬರೀ 36 ಸಲ, 4–2 ಆಗುವುದು 48 ಸಲ. ನಾಲ್ಕಿದ್ದರೆ 2–2 ಆಗುವುದು 41, 3–1 ಆಗುವುದು 50. ಬೆಸ ಸಂಖ್ಯೆ ಹೊರಗಿದ್ದರೆ ಸಮಪಾಲಿನ ಹತ್ತಿರ ಹಂಚಿಕೆ, ಸರಿ ಸಂಖ್ಯೆ ಹೊರಗಿದ್ದರೆ ಸಾಮಾನ್ಯವಾಗಿ ಏರುಪೇರು. ಎರಡೇ ಎಲೆ ಹೊರಗಿದ್ದಾಗ ಮಾತ್ರ ಈ ಮಾತು ನಡೆಯುವುದಿಲ್ಲ. ಅವು ಒಂದೊಂದಾಗಿ ಇರುವುದೇ ಸ್ವಲ್ಪ ಹೆಚ್ಚು, ನೂರಕ್ಕೆ 52.

‘ಎಂಟಿದ್ದರೆ ಫಿನೆಸ್, ಒಂಬತ್ತಿದ್ದರೆ ಬೀಳಿಸು’ ಎಂಬ ಮಾತು ಯಾವ ಬ್ರಿಡ್ಜ್ ಮೇಜಿನಲ್ಲೂ ಕಿವಿಗೆ ಬೀಳುತ್ತದೆ. ರಾಣಿ ಹೊರಗಿದ್ದಾಗ ನಮ್ಮ ಎರಡೂ ಕೈ ಸೇರಿ ಆ ಜಾತಿಯ ಎಂಟು ಎಲೆ ಇದ್ದರೆ ಫಿನೆಸ್ ಮಾಡು, ಒಂಬತ್ತಿದ್ದರೆ ಎಕ್ಕ–ರಾಜ ಆಡಿ ರಾಣಿ ತಾನಾಗಿ ಬೀಳುವುದನ್ನು ಕಾಯಿ ಎಂದರ್ಥ. ಗಿಳಿಪಾಠದ ಹಾಗೆ ಇದನ್ನು ಹೇಳುವವರು ಬಹಳ, ಯಾಕೆ ಎಂದು ಕೇಳಿದರೆ ಹೇಳುವವರು ಕಡಿಮೆ. ಯಾಕೆ ಎಂಬುದು ನಿಜಕ್ಕೂ ಚೆಂದವಾಗಿದೆ, ಹತ್ತಿರದಿಂದ ನೋಡೋಣ.

ಡಮ್ಮಿಯಲ್ಲಿ ಎಕ್ಕ–ರಾಜ–ಗುಲಾಮ–8–3 ಕಳಾವರ್, ಕೈಲಿ 10–7–5–2. ಹೊರಗಿರುವುದು ರಾಣಿ, 9, 6, 4. ಡಮ್ಮಿಯ ಎಕ್ಕ ಆಡಿದರು. ಪೂರ್ವದವನು 6, ಪಶ್ಚಿಮದವನು 4 ಹಾಕಿದರು. ಕೈಗೆ ಬಂದು ಸಣ್ಣದೊಂದು ಆಡಿದರು. ಪಶ್ಚಿಮದವನು 9 ಹಾಕಿದ. ಈಗ ಹೊರಗೆ ಉಳಿದಿರುವ ಕಳಾವರ್ ಒಂದೇ, ರಾಣಿ. ಪೂರ್ವದವನು ಇಲ್ಲಿಯವರೆಗೆ ಒಂದು ಕಳಾವರ್ ತೋರಿಸಿದ್ದಾನೆ, ಅವನ 13 ಎಲೆಗಳಲ್ಲಿ ರಾಣಿ ಅಡಗಿರಬಹುದಾದ ಜಾಗ 12. ಪಶ್ಚಿಮದವನು ಎರಡು ತೋರಿಸಿದ್ದಾನೆ, ಅವನ ಬಳಿ ಉಳಿದ ಜಾಗ 11. ಹನ್ನೆರಡಕ್ಕೆ ಹನ್ನೊಂದು, ಅಂದರೆ 52ಕ್ಕೆ 48. ‘ಒಂಬತ್ತಿದ್ದರೆ ಬೀಳಿಸು’ ಎಂಬ ಅಷ್ಟು ದೊಡ್ಡ ಶಾಸನದ ಹಿಂದಿರುವುದು ಆ ಒಂದು ಖಾಲಿ ಜಾಗ.

ಬುಡ ಇಷ್ಟು ತೆಳುವಾಗಿದೆ ಎಂದು ಗೊತ್ತಾದ ಮೇಲೆ ಅದನ್ನು ಮುರಿಯುವ ಧೈರ್ಯವೂ ಬರುತ್ತದೆ. ಹರಾಜಿನಲ್ಲಿ ಪೂರ್ವದವನು ಮೊದಲ ಬಾಯಿಗೇ ಮೂರು ಇಸ್ಪೀಟು (ಥ್ರೀ ಸ್ಪೇಡ್ಸ್) ಎಂದು ಕೂಗಿ ತನ್ನ ಕೈಲಿ ಆ ಜಾತಿಯ ಏಳು ಎಲೆ ಇದೆ ಎಂದು ಸಾರಿಬಿಟ್ಟಿದ್ದ ಎನ್ನಿ. ನಮ್ಮ ಎರಡು ಕೈಲಿ ನಾಲ್ಕು ಇಸ್ಪೀಟು ಇದ್ದರೆ ಪಶ್ಚಿಮದವನಿಗೆ ಉಳಿದದ್ದು ಎರಡೇ. ಈಗ ಅದೇ ಕಳಾವರ್ ಲೆಕ್ಕ ಮತ್ತೆ ಹಾಕಿ: ಪೂರ್ವದವನಲ್ಲಿ ಏಳು ಇಸ್ಪೀಟು, ಒಂದು ಕಳಾವರ್ ಕಳೆದು ಉಳಿದ ಜಾಗ 5. ಪಶ್ಚಿಮದವನಲ್ಲಿ ಎರಡು ಇಸ್ಪೀಟು, ಎರಡು ಕಳಾವರ್ ಕಳೆದು 9. ರಾಣಿ ಪಶ್ಚಿಮದವನ ಬಳಿ ಇರುವ ಸಂಭವ ಐದಕ್ಕೆ ಒಂಬತ್ತು. ಇಲ್ಲಿ ‘ಬೀಳಿಸು’ ಎಂದು ರಾಜನನ್ನು ಆಡುವವನು ನಿಯಮ ಬಲ್ಲ, ಆಟ ಅರಿಯ. ಫಿನೆಸ್ ಮಾಡುವವನನ್ನು ನೋಡಿದರೆ ನೀವು ಮನಸ್ಸಿನಲ್ಲೇ ಎದ್ದು ನಿಂತು ನಮಸ್ಕಾರ ಹಾಕಬಹುದು.

ಆ ಫಿನೆಸ್ಸೂ ಸೋಲಬಹುದು, ಹದಿನಾಲ್ಕರಲ್ಲಿ ಐದು ಸಲ ಸೋಲುತ್ತದೆ. ಹಿಂದೆ ಕೂತ ನಮಗೆ ಕಷ್ಟವಾಗುವುದು ಇದೇ: ಸೋತ ಆಟವೂ ಸರಿಯಾದ ಆಟವಾಗಿರಬಹುದು ಎಂದು ಒಪ್ಪುವುದು. ಮಾರ್ಚಿನಲ್ಲಿ ರೊಬಸ್ಟಾ ಮೊಗ್ಗು ಹದಕ್ಕೆ ಬಂದು ಆಕಾಶ ಬೆಳ್ಳಗಿರುವಾಗ ಸ್ಪ್ರಿಂಕ್ಲರ್ ಹಚ್ಚಿದವನಿದ್ದಾನೆ. ಮೂರನೇ ದಿನ ಒಳ್ಳೆಯ ಹೂಮಳೆ ಸುರಿದರೆ ಅವನ ಡೀಸೆಲ್ ದಂಡವಾಯಿತೆಂದು ನೆರೆಯವರು ನಗುತ್ತಾರೆ. ಹಚ್ಚಿದ ದಿನ ಅವನಿಗೆ ಗೊತ್ತಿದ್ದಷ್ಟರಲ್ಲಿ ಅವನು ಮಾಡಿದ್ದು ಸರಿಯೇ ಎಂದು ತೋಟ ನಡೆಸಿದವರಿಗೆ ಬೇರೆ ಹೇಳಬೇಕಾಗಿಲ್ಲ. ಎಲೆಯ ವಿಷಯದಲ್ಲೂ ಅಷ್ಟೇ ಉದಾರವಾಗಿರಬೇಕು. ಎಲೆ ಹಂಚುವಾಗಿನ ಅದೃಷ್ಟವನ್ನು ಬದಿಗಿಡಲೆಂದೇ ಡುಪ್ಲಿಕೇಟ್ ಪದ್ಧತಿ ಬಂದದ್ದು: ಅದೇ ಹಂಚಿಕೆಯ ಎಲೆಗಳನ್ನು ಹಲಗೆಯಲ್ಲಿಟ್ಟು ಮೇಜಿನಿಂದ ಮೇಜಿಗೆ ಕಳಿಸುತ್ತಾರೆ, ಎಲ್ಲರೂ ಅದನ್ನೇ ಆಡುತ್ತಾರೆ, ಕೆಟ್ಟ ಎಲೆ ಬಂತೆಂಬ ಸಬೂಬು ಯಾರಿಗೂ ಇರುವುದಿಲ್ಲ. ಬೆಂಗಳೂರಿನ ಕರ್ನಾಟಕ ರಾಜ್ಯ ಬ್ರಿಡ್ಜ್ ಸಂಸ್ಥೆಯ ಸ್ಪರ್ಧೆಯಿಂದ ಹಿಡಿದು ಏಷ್ಯನ್ ಕ್ರೀಡಾಕೂಟದವರೆಗೆ ನಡೆಯುವುದು ಈ ಪದ್ಧತಿಯೇ. 2018ರಲ್ಲಿ ಜಕಾರ್ತದಲ್ಲಿ ಬ್ರಿಡ್ಜ್ ಮೊದಲ ಬಾರಿ ಏಷ್ಯನ್ ಕ್ರೀಡಾಕೂಟ ಸೇರಿದಾಗ ಪುರುಷರ ಜೋಡಿ ವಿಭಾಗದ ಚಿನ್ನ ಗೆದ್ದವರು ನಮ್ಮ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್. ಒಬ್ಬರಿಗೆ 60, ಇನ್ನೊಬ್ಬರಿಗೆ 56 ವರ್ಷ.

ಜೋಡಣೆಯನ್ನು ಓದುವಾಗ ಬಲ್ಲವರು ಕೇಳಿಕೊಳ್ಳುವ ಮೊದಲ ಪ್ರಶ್ನೆ ಎದುರಾಳಿಗಳ ಬಗ್ಗೆ ಅಲ್ಲ. ನನಗೆ ಇದರಿಂದ ಎಷ್ಟು ಟ್ರಿಕ್ ಬೇಕು ಎಂಬುದು. ಅದೇ ಎಲೆಗಳು, ಬೇಕಾದದ್ದು ಮೂರಾದರೆ ಒಂದು ಆಟ, ನಾಲ್ಕಾದರೆ ಇನ್ನೊಂದು. ಡಮ್ಮಿಯಲ್ಲಿ ಎಕ್ಕ–ರಾಜ–ಗುಲಾಮ–2, ಕೈಲಿ 5–4–3. ನಾಲ್ಕೂ ಬೇಕೆಂದರೆ ಗುಲಾಮನನ್ನು ಇಟ್ಟು ಫಿನೆಸ್ ಮಾಡಲೇಬೇಕು, ಜೊತೆಗೆ 3–3 ಹಂಚಿಕೆಯನ್ನೂ ಬೇಡಿಕೊಳ್ಳಬೇಕು. ಮೂರು ಸಾಕೆಂದರೆ? ಎಕ್ಕ ಆಡಿ, ರಾಜನನ್ನೂ ಆಡಿ, ಆಮೇಲೆ ಕೈಯಿಂದ ಸಣ್ಣದನ್ನು ಗುಲಾಮನ ಕಡೆಗೆ ಆಡುತ್ತಾರೆ. ರಾಣಿ ಪಶ್ಚಿಮದವನ ಬಳಿ ಇದ್ದರೆ ಗುಲಾಮನಿಗೆ ಟ್ರಿಕ್. ಮೂರು–ಮೂರು ಹಂಚಿದ್ದರೆ ಕೊನೆಯ 2ಕ್ಕೆ ಟ್ರಿಕ್. ಈ ಎರಡು ಲಾಭ ಫಿನೆಸ್ಸಿನಲ್ಲೂ ಇದ್ದವು. ಹೊಸದಾಗಿ ದಕ್ಕಿದ್ದು ಪೂರ್ವದವನ ಬಳಿ ರಾಣಿ ಇನ್ನೊಂದೇ ಎಲೆಯೊಡನೆ ಇರುವ ಸಂದರ್ಭ: ಎಕ್ಕ–ರಾಜನ ಕೆಳಗೆ ಅವಳು ತಾನಾಗಿ ಬಿದ್ದುಹೋಗುತ್ತಾಳೆ. ನೂರಕ್ಕೆ ಎಂಟು ಸಲದ ಮಾತು. ಎಂಟೇ ತಾನೆ ಎನ್ನಬೇಡಿ. ಒಂದು ಸಂಜೆಯಲ್ಲಿ ಇಪ್ಪತ್ತನಾಲ್ಕು ಹಲಗೆ ಆಡುವವರ ನಡುವೆ ಗೆದ್ದವರಿಗೂ ಸೋತವರಿಗೂ ಇರುವ ಅಂತರ ಇಂಥ ಎಂಟುಗಳದ್ದೇ.

ಇನ್ನೂ ಚೊಕ್ಕಟವಾದ ಒಂದಿದೆ. ಕೈಲಿ ಎಕ್ಕ–ರಾಣಿ–10–6–3, ಡಮ್ಮಿಯಲ್ಲಿ ರಾಜ–9–5–2. ಗುಲಾಮ ಸೇರಿ ನಾಲ್ಕೇ ಎಲೆ ಹೊರಗೆ. ನೂರಕ್ಕೆ ತೊಂಬತ್ತು ಸಲ ಯಾವುದನ್ನು ಮೊದಲು ಆಡಿದರೂ ಐದೂ ಟ್ರಿಕ್ ಬರುತ್ತವೆ. ಕಣ್ಣು ಮುಚ್ಚಿ ಆಡಬಹುದು. ಉಳಿದ ಹತ್ತರ ಹತ್ತಿರ ಸಲ ನಾಲ್ಕೂ ಎಲೆ ಒಬ್ಬನಲ್ಲೇ ಸೇರಿಕೊಂಡಿರುತ್ತವೆ. ಅವಸರದವನು ರಾಜನಿಂದ ಶುರು ಮಾಡುತ್ತಾನೆ. ಆಮೇಲೆ ಎಕ್ಕ–ರಾಣಿ–10 ಎಲ್ಲ ಕೈಲೇ ಉಳಿದವು. ಗುಲಾಮ ಪೂರ್ವದವನ ಬಳಿ ಇದ್ದರೆ ಹಿಡಿಯಬಹುದು, ಪಶ್ಚಿಮದವನ ಬಳಿ ಇದ್ದರೆ ಏನೂ ಮಾಡಲಾಗದು. ಬಲ್ಲವನು ಕೈಯಿಂದ ಎಕ್ಕ ಆಡುತ್ತಾನೆ. ಈಗ ಕೈಲಿ ರಾಣಿ–10, ಡಮ್ಮಿಯಲ್ಲಿ ರಾಜ–9. ಪೂರ್ವದವನು ಆ ಜಾತಿ ಇಲ್ಲವೆಂದು ಬೇರೆ ಎಲೆ ಬಿಸಾಡಿದರೆ ಪಶ್ಚಿಮದವನ ಗುಲಾಮನ ಮೇಲೆ 9ರಿಂದ ಫಿನೆಸ್. ಪಶ್ಚಿಮದವನು ಬಿಸಾಡಿದರೆ ರಾಜನಿಗೆ ದಾಟಿ, ಅಲ್ಲಿಂದ 9 ಆಡಿ, 10ರ ಕಡೆಗೆ ಫಿನೆಸ್. ಎರಡು ದೊಡ್ಡ ಎಲೆ ಇರುವ ಕಡೆಯಿಂದ ಒಂದನ್ನು ಖರ್ಚು ಮಾಡಿ ಎರಡೂ ಬದಿಯ ಬಾಗಿಲು ತೆರೆದಿಟ್ಟದ್ದು. ಹಿಂದೆ ಕೂತು ನೋಡುವಾಗ ಇದು ಕಣ್ಣಿಗೇ ಬೀಳುವುದಿಲ್ಲ, ಯಾಕೆಂದರೆ ಬಹುಪಾಲು ಸಲ ಇದರಿಂದ ಏನೂ ಆಗುವುದಿಲ್ಲ. ಅದೃಶ್ಯವಾದ ಈ ಎಚ್ಚರವನ್ನು ಗುರುತಿಸತೊಡಗಿದ ದಿನ ನೀವು ನೋಡುಗರ ಸಾಲಿನಿಂದ ರಸಿಕರ ಸಾಲಿಗೆ ಬಂದಿರಿ ಎಂದುಕೊಳ್ಳಿ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಬುದ್ಧಿಗೆ ಮೊದಲು ಒಪ್ಪಿಗೆಯಾಗದ ಜೋಡಣೆ. ಡಮ್ಮಿಯಲ್ಲಿ ರಾಜ–10–9–3–2, ಕೈಲಿ ಎಕ್ಕ–8–7–6. ಹೊರಗೆ ರಾಣಿ, ಗುಲಾಮ, 5, 4. ಎಕ್ಕ ಆಡಿದರು: ಪಶ್ಚಿಮ 4, ಪೂರ್ವ ಗುಲಾಮ. ಮತ್ತೆ ಕೈಯಿಂದ 6. ಪಶ್ಚಿಮ 5 ಹಾಕಿದ. ಈಗ ಡಮ್ಮಿಯಿಂದ ರಾಜನೋ, ಹತ್ತೋ? ಒಂಬತ್ತು ಎಲೆ ಇದೆ, ಬೀಳಿಸು ಎನ್ನುತ್ತದೆ ಹಳೆಯ ಮಾತು. ಖಾಲಿ ಜಾಗ ಎಣಿಸಿದರೂ ಹನ್ನೆರಡಕ್ಕೆ ಹನ್ನೊಂದು, ರಾಜನ ಕಡೆಗೇ ವಾಲುತ್ತದೆ. ಆದರೆ ಸರಿಯಾದ ಎಲೆ 10. ಅದೂ ಕೂದಲೆಳೆಯ ಅಂತರದಲ್ಲಲ್ಲ, ಹೆಚ್ಚುಕಡಿಮೆ ಎರಡು ಪಟ್ಟು!

ಸಾವಿರ ಸಲ ಈ ಎಲೆ ಹಂಚಿದೆವೆನ್ನಿ. ಪೂರ್ವದವನ ಬಳಿ ಗುಲಾಮ ಒಂಟಿಯಾಗಿರುವುದು ಸುಮಾರು 62 ಸಲ. ರಾಣಿ ಒಂಟಿಯಾಗಿರುವುದೂ 62 ಸಲ. ರಾಣಿ–ಗುಲಾಮ ಇಬ್ಬರೇ ಜೊತೆಯಾಗಿರುವುದು 68 ಸಲ. ನಮ್ಮ ಎಕ್ಕದ ಮೇಲೆ ಪೂರ್ವದವನಿಂದ ರಾಣಿಯೋ ಗುಲಾಮನೋ ಬಿದ್ದರೆ ಯಾವಾಗಲೂ 10ರಿಂದ ಫಿನೆಸ್ ಮಾಡುತ್ತೇನೆ ಎಂದು ನಿರ್ಧರಿಸಿದವನು ಒಂಟಿ ಎಲೆಯ 124 ಸಲವೂ ಗೆಲ್ಲುತ್ತಾನೆ, ಜೋಡಿ ಇದ್ದ 68 ಸಲ ಸೋಲುತ್ತಾನೆ. ಯಾವಾಗಲೂ ರಾಜನನ್ನೇ ಹಾಕುವವನಿಗೆ ಇದೇ ಲೆಕ್ಕ ತಿರುಗಾಮುರುಗಾ. ಕಣ್ಣೆದುರು ಗುಲಾಮ ಬಿದ್ದಾಗ ‘ರಾಣಿ ಒಂಟಿ’ ಎಂಬ 62 ಸಲ ಹೊರಟುಹೋಯಿತಲ್ಲ, ಉಳಿದದ್ದು 62ಕ್ಕೆ 68 ತಾನೆ ಎಂದು ತರ್ಕ ಹೂಡುವವರು ಒಂದನ್ನು ಮರೆಯುತ್ತಾರೆ. ಜೋಡಿ ಇದ್ದವನು ಎರಡರಲ್ಲಿ ಯಾವುದನ್ನಾದರೂ ಹಾಕಬಹುದಿತ್ತು. ಆ 68ರಲ್ಲಿ ಗುಲಾಮ ಬೀಳುವುದು ಅರ್ಧ, 34 ಸಲ. ಒಂಟಿ ಗುಲಾಮನಿದ್ದವನಿಗೆ ಬೇರೆ ದಾರಿಯೇ ಇರಲಿಲ್ಲ, ಅವನ 62ಕ್ಕೆ 62. ಬ್ರಿಡ್ಜ್ ಬರಹಗಾರ ಆಲನ್ ಟ್ರಸ್ಕಾಟ್ ಈ ಲೆಕ್ಕದ ಬಗ್ಗೆ ಬರೆದಿದ್ದರು. 1958ರ ‘ದಿ ಎಕ್ಸ್‌ಪರ್ಟ್ ಗೇಮ್’ ಪುಸ್ತಕದಲ್ಲಿ ಟೆರೆನ್ಸ್ ರೀಸ್ ಇದನ್ನು ‘ರಿಸ್ಟ್ರಿಕ್ಟೆಡ್ ಚಾಯ್ಸ್’ ಎಂಬ ಹೆಸರಲ್ಲಿ ಜನಜನಿತ ಮಾಡಿದರು. ಆಮೇಲೆ ಅಮೆರಿಕದ ಟಿವಿ ಕಾರ್ಯಕ್ರಮವೊಂದರ ಮೂರು ಬಾಗಿಲಿನ ಒಗಟಿನ ಬಗ್ಗೆ ದೊಡ್ಡ ದೊಡ್ಡ ಗಣಿತಜ್ಞರೇ ಕಿತ್ತಾಡಿದರಲ್ಲ, ಅದೂ ಇದೇ ಜಾತಿಯದು. ಬ್ರಿಡ್ಜಿನವರು ಅಷ್ಟರಲ್ಲಾಗಲೇ ಮನಸ್ಸು ಗಟ್ಟಿ ಮಾಡಿಕೊಂಡು 10 ಹಾಕುತ್ತಿದ್ದರು.

ಇಂಥವನ್ನೆಲ್ಲ ಪಟ್ಟಿ ಮಾಡಿದ ಗ್ರಂಥಗಳೇ ಇವೆ. ಫ್ರಾನ್ಸಿನ ಜಾನ್‌–ಮಾರ್ಕ್ ರುದಿನೆಸ್ಕೊ ಜೋಡಣೆಗಳಿಗೆಂದೇ ಒಂದು ನಿಘಂಟು ಬರೆದಿದ್ದಾರೆ. ನೋಡುಗರು ಅದನ್ನು ಬಾಯಿಪಾಠ ಮಾಡಬೇಕಾಗಿಲ್ಲ, ಮಾಡಿದವರ ಸಹವಾಸವೂ ಒಂದು ಮಿತಿಯಲ್ಲಿದ್ದರೆ ಒಳ್ಳೆಯದು. ಇಂಥ ಪಟ್ಟಿಗಳು ಸಾಮಾನ್ಯವಾಗಿ ಎರಡೂ ಕೈಗೆ ಬೇಕೆಂದಾಗ ಹೋಗಿಬರಲು ದಾರಿ ಇದೆ ಎಂದೇ ಇಟ್ಟುಕೊಂಡಿರುತ್ತವೆ. ಮೇಜಿನ ಮೇಲೆ ಹಾಗಿರುವುದಿಲ್ಲ. ಎರಡು ಸಲ ಫಿನೆಸ್ ಮಾಡಬೇಕಾದಲ್ಲಿ ಕೈಗೆ ಬರಲು ಒಂದೇ ಎಕ್ಕ ಇರುತ್ತದೆ. ಆಗ ಪುಸ್ತಕದಲ್ಲಿ ಎರಡನೇ ಸ್ಥಾನದ ಆಟವೇ ಇಲ್ಲಿ ಮೊದಲನೆಯದು.

ಮುಟ್ಟಬಾರದ ಜೋಡಣೆಯೂ ಒಂದಿದೆ. ಡಮ್ಮಿಯಲ್ಲಿ ರಾಣಿ–7–4, ಕೈಲಿ ಗುಲಾಮ–6–3. ಎಕ್ಕ ಒಬ್ಬನಲ್ಲಿ, ರಾಜ ಇನ್ನೊಬ್ಬನಲ್ಲಿ. ನಾವಾಗಿ ಇದನ್ನು ಆಡಿದರೆ ರಾಣಿ ಒಬ್ಬನಿಗೆ, ಗುಲಾಮ ಇನ್ನೊಬ್ಬನಿಗೆ ಬಲಿ, ನಮಗೆ ಸೊನ್ನೆ. ಎದುರಾಳಿಗಳು ಮೊದಲು ಆಡಿದರೆ? ಪಶ್ಚಿಮದವನು ಸಣ್ಣದು ಆಡಿದ, ಡಮ್ಮಿಯಿಂದ ಸಣ್ಣದು, ಪೂರ್ವದವನು ದೊಡ್ಡದನ್ನು ಹಾಕಲೇಬೇಕು, ಇಲ್ಲದಿದ್ದರೆ ಗುಲಾಮನೇ ಗೆಲ್ಲುತ್ತಾನೆ. ಹಾಕಿದರೆ ಉಳಿಯುವುದು ಅವರ ಒಂದೇ ದೊಡ್ಡ ಎಲೆ, ನಮ್ಮ ಬಳಿ ರಾಣಿ–ಗುಲಾಮ ಇಬ್ಬರೂ ಇದ್ದಾರೆ. ಒಂದು ಟ್ರಿಕ್ ಖಚಿತ. ಹಾಗಾಗಿ ನುರಿತ ಡಿಕ್ಲೇರರ್ ಈ ಜಾತಿಯ ಹತ್ತಿರ ಸುಳಿಯದೆ ಮಿಕ್ಕ ಜಾತಿಗಳನ್ನು ಒಂದೊಂದಾಗಿ ಗುಡಿಸಿ ಖಾಲಿ ಮಾಡುತ್ತಾನೆ. ಕೊನೆಗೆ ಬೇಕೆಂದೇ ಒಂದು ಟ್ರಿಕ್ ಸೋತು ಎದುರಾಳಿಯ ಕೈಗೆ ಆಟ ಕೊಟ್ಟು ಸುಮ್ಮನೆ ಕೂರುತ್ತಾನೆ. ಆ ಎದುರಾಳಿ ಎಲೆಗಳನ್ನು ಹಿಂದೆ ಮುಂದೆ ಮಾಡುತ್ತ, ಒಂದನ್ನು ಅರ್ಧ ಹೊರಗೆಳೆದು ಮತ್ತೆ ಒಳಗಿಡುತ್ತ ಒದ್ದಾಡುವುದನ್ನು ನೋಡುವ ಸುಖಕ್ಕಾಗಿಯೇ ಮಳೆಯಲ್ಲಿ ಜೀಪು ಹತ್ತಿ ಕ್ಲಬ್ಬಿಗೆ ಬರಬಹುದು.

ಇತ್ತೀಚೆಗೆ ದೊಡ್ಡ ಪಂದ್ಯಗಳನ್ನು ಬ್ರಿಡ್ಜ್ ಬೇಸ್ ಆನ್‌ಲೈನ್ ಜಾಲತಾಣದಲ್ಲಿ ಮನೆಯಲ್ಲೇ ಕೂತು ನೋಡಬಹುದು. ಅದರಲ್ಲಿ ನಾಲ್ಕೂ ಕೈ ತೆರೆದೇ ಇರುತ್ತದೆ, ಅದೇ ತೊಂದರೆ. ರಾಣಿ ಎಲ್ಲಿದ್ದಾಳೆಂದು ಕಾಣುವವನಿಗೆ ಜಗತ್ಪ್ರಸಿದ್ಧ ಆಟಗಾರನೂ ದಡ್ಡನಾಗಿ ಕಾಣುತ್ತಾನೆ. ಪೂರ್ವ–ಪಶ್ಚಿಮದ ಎಲೆಗಳ ಮೇಲೆ ಒಂದು ತುಂಡು ರಟ್ಟು ಹಿಡಿದು ನೋಡಿ. ಆಗ ಆ ಎರಡು ನಿಮಿಷದ ಮೌನ ನಿಮಗೂ ಸಾಲದಾಗುತ್ತದೆ. ಕ್ಲಬ್ಬಿನಲ್ಲಾದರೆ ಒಬ್ಬರ ಹಿಂದೆ ಮಾತ್ರ ಕೂರಿ, ಕೈಯಿಂದ ಕೈಗೆ ಓಡಾಡಬೇಡಿ, ಮುಖದಲ್ಲಿ ಏನನ್ನೂ ತೋರಿಸಬೇಡಿ. ನೋಡುಗನ ಒಂದು ನಿಟ್ಟುಸಿರೂ ಎದುರಾಳಿಗೆ ಸುಳಿವಾಗಬಲ್ಲದು.

ಹಾಗೆ ಕೂತಾಗ ಕಾದು ನೋಡಬೇಕಾದ ಜೋಡಣೆಯೊಂದನ್ನು ಹೇಳಿ ಮುಗಿಸುತ್ತೇನೆ. ಡಮ್ಮಿಯಲ್ಲಿ ರಾಜ–ಗುಲಾಮ–5 ಡೈಮಂಡು, ಕೈಲಿ ಎಕ್ಕ–10–4. ರಾಣಿ ಪಶ್ಚಿಮದವನ ಬಳಿ ಇದ್ದರೂ ಹಿಡಿಯಬಹುದು, ಪೂರ್ವದವನ ಬಳಿ ಇದ್ದರೂ ಹಿಡಿಯಬಹುದು. ಎಲ್ಲಿದ್ದಾಳೆಂದು ಮಾತ್ರ ಗೊತ್ತಿರಬೇಕು. ಈ ಆರು ಎಲೆಗಳನ್ನು ಎಷ್ಟು ಹೊತ್ತು ದಿಟ್ಟಿಸಿದರೂ ಅವುಗಳಲ್ಲಿ ಉತ್ತರವಿಲ್ಲ. ಹೊಸಬನು ಐದನೇ ಟ್ರಿಕ್ಕಿಗೇ ಇದಕ್ಕೆ ಕೈ ಹಾಕಿ ನಾಣ್ಯ ಚಿಮ್ಮಿದಂತೆ ಒಂದು ಕಡೆ ಹೋಗುತ್ತಾನೆ. ಬಲ್ಲವನು ಇದನ್ನು ಕಟ್ಟಕಡೆಗೆ ಇಟ್ಟುಕೊಂಡು ಮಿಕ್ಕ ಮೂರು ಜಾತಿ ಆಡುತ್ತ ಹೋಗುತ್ತಾನೆ. ಪಶ್ಚಿಮದವನು ಎರಡು ಸಲ ಆಟೀನು ಹಾಕಿ ಮೂರನೆಯದಕ್ಕೆ ಬೇರೆ ಬಿಸಾಡಿದ; ಹಾಗಾದರೆ ಅವನ ಬಳಿ ಇದ್ದ ಆಟೀನು 2. ಹರಾಜಿನಲ್ಲಿ ಕೂಗಿದ ಇಸ್ಪೀಟು ಆಡುತ್ತ ಆಡುತ್ತ 6 ಎಂದು ಖಚಿತವಾಯಿತು. ಕಳಾವರ್ ನಾಲ್ಕು ಸಲ ಹಾಕಿದ. ಒಟ್ಟು 12. ಅವನಿಗೆ ಹಂಚಿದ್ದ ಡೈಮಂಡು ಒಂದೇ ಒಂದು. ಹೊರಗಿರುವ ಏಳರಲ್ಲಿ ಆರು ಪೂರ್ವದವನವು, ರಾಣಿ ಅಲ್ಲಿರುವ ಸಂಭವ ಒಂದಕ್ಕೆ ಆರು. ಡಮ್ಮಿಯ ರಾಜನನ್ನು ಮೊದಲು ಆಡಿ, ಆ ಒಂಟಿ ಎಲೆ ರಾಣಿಯೇ ಆಗಿದ್ದರೆ ಬೀಳಲೆಂದು ನೋಡಿ, ಬೀಳದಿದ್ದರೆ ಗುಲಾಮನನ್ನು ಪೂರ್ವದವನ ಮುಂದೆ ಹಾಯಿಸುತ್ತಾನೆ. ಪೂರ್ವದವನು ರಾಣಿ ಹಾಕಿದರೆ ಎಕ್ಕ ಇದೆ, ಹಾಕದಿದ್ದರೆ ಗುಲಾಮನೇ ಗೆದ್ದ. ಆಟ ಮುಗಿದು ಎಲೆ ಕಲಸುವಾಗ ಆ ಆಟಗಾರನನ್ನು ಏನಾದರೂ ಕೇಳಬೇಕೆನಿಸಿದರೆ ಡೈಮಂಡಿನ ಸುದ್ದಿ ಎತ್ತಬೇಡಿ. ಪಶ್ಚಿಮದವನ ಆಟೀನು ಎರಡೇ ಎಂದು ಎಷ್ಟನೇ ಟ್ರಿಕ್ಕಿನಲ್ಲಿ ಗೊತ್ತಾಯಿತು ಎಂದು ಕೇಳಿ.